ಲೈನ್ ಕ್ಲಿಯರ್

ಏಳನೇ ಬೆಡ್ಡಿನ ದೇರಣ್ಣ, ನಿವೃತ್ತಿಗೆ ಎರಡು ವರ್ಷ ಬಾಕಿ ಇರುವ ಲೈನ್‌ಮನ್.
ಚೆಟ್ಟಿಮಾನಿಯಿಂದಾಚೆ ಯಾವ ಕಂಬ ಯಾವ ಮಳೆಗಾಲ
ಯಾರ ಬೇಲಿಗೆ ಒರಗಿತ್ತು, ಎಲ್ಲ ಬಾಯಿಪಾಠ.
ಈಗ ಅವರ ಎದೆಯಿಂದಲೇ ಹೊರಟಿವೆ ನಾಲ್ಕು ತಂತಿ,
ಬಲಕ್ಕೆರಡು, ಎಡಕ್ಕೆರಡು,
ಹೊಲಿಗೆಯ ದಾರಕ್ಕಿಂತ ತುಸು ದಪ್ಪ, ನೀಲಿ.
ಆಪರೇಷನ್ನಿನ ರಾತ್ರಿ ಹೃದಯ ತಾಳ ತಪ್ಪಿದಾಗ
ಪೆಟ್ಟಿಗೆಯಿಂದ ಬಡಿತ ಹೊತ್ತೊಯ್ದವು ಇವೇ.
ಮೂರು ದಿನದಿಂದ ಪೆಟ್ಟಿಗೆ ಆಫ್.
ಹೃದಯ ತನ್ನ ಪಾಡಿಗೆ ತಾನು.

"ಎಲ್.ಸಿ. ತಗೊಂಡ್ರಾ ಸಿಸ್ಟರ್?"
ಲೈನ್ ಕ್ಲಿಯರ್. ಕರೆಂಟು ಕಡಿದೆವೆಂದು ಸ್ಟೇಷನ್ನಿನವರು
ಪುಸ್ತಕದಲ್ಲಿ ಬರೆದು ನಂಬರು ಹೇಳುವವರೆಗೂ
ಕಂಬಕ್ಕೆ ಕಾಲಿಡಬಾರದಂತೆ.
ಒಬ್ಬ ಇಟ್ಟಿದ್ದ. ಹೊಸ ಹುಡುಗ.
ಅಷ್ಟು ಹೇಳಿ ಕಿಟಕಿ ನೋಡಿದರು.

ನಮ್ಮಲ್ಲೂ ಇದೆ ಪುಸ್ತಕ. ಗಟ್ಟಿಯಾಗಿ ಓದಿದೆ,
ಕಲಿಯಲು ಬಂದ ರಂಸೀನಳಿಗೂ ಕೇಳಲೆಂದು:
ರಕ್ತ ತೆಳುವಾಗಿಸುವ ಇಂಜೆಕ್ಷನ್ ನಿನ್ನೆಯೇ ನಿಂತಿದೆ.
ಹೆಪ್ಪುಗಟ್ಟುವ ಲೆಕ್ಕ ಬೆಳಿಗ್ಗೆ ಬಂದಿದೆ, ಸರಿಯಿದೆ.
ಮಾನಿಟರಿನಲ್ಲಿ ಎಪ್ಪತ್ತೆರಡು.
ಸರ್ಜನ್ ಕೆಳಗೆ ಓಪಿಡಿಯಲ್ಲಿದ್ದಾರೆ,
ನಾಲ್ಕಕ್ಕೆ ಅವರ ಕಾರು ಮೈಸೂರಿಗೆ ಇಳಿಯುತ್ತದೆ;
ಸುಂಟಿಕೊಪ್ಪ ದಾಟಿದವರನ್ನು ತಿರುಗಿ ಕರೆಸುವಷ್ಟು ವಾಯಿದೆ
ರಕ್ತ ತುಂಬುತ್ತಿರುವ ಹೃದಯಚೀಲ ಕೊಡುವುದಿಲ್ಲ.
ಅದಕ್ಕೇ ಮಡಿಕೇರಿಯ ಈ ವಾರ್ಡಿನಲ್ಲಿ
ತಂತಿ ತೆಗೆಯುವುದು ಹತ್ತಕ್ಕೆ, ಕಾವಳ ಏಳುವ ಹೊತ್ತಿಗೆ,
ಮಧ್ಯಾಹ್ನದ ಮೇಲೆ ಯಾರು ಹೇಳಿದರೂ ಇಲ್ಲ.

"ಸರಿ, ಹತ್ತಿ" ಅಂದರು.
ಕಂಬ ಹತ್ತಿ ಎಂದವರಿಗೆ
ರಂಸೀನ ಹತ್ತಿಯುಂಡೆ ಹಿಡಿದು ನಿಂತಳು.
ನಕ್ಕರೆ ಎದೆಮೂಳೆ ನೋಯುತ್ತದೆ. ಆದರೂ ನಕ್ಕರು.

ಚರ್ಮದ ಮೇಲಿನ ಹೊಲಿಗೆ ಕತ್ತರಿಸಿದೆ.
ಎಳೆಯುವುದಲ್ಲ ಇದು, ರಂಸೀನ.
ಮೊದಲ ಸಲ ನನ್ನ ಕೈಗೂ ಗೊತ್ತಿರಲಿಲ್ಲ,
ಗಾಳದ ದಾರಕ್ಕೆ ಮೀನು ತಾಗಿದಂತೆ
ಆ ತುದಿಯ ಬಡಿತ ಬೆರಳಿಗೆ ಬರುತ್ತದೆ.
ಅದು ಬಿಟ್ಟುಕೊಟ್ಟಷ್ಟೇ ತಗೊ.
ಕಣ್ಣು ಪರದೆಯ ಮೇಲಿರಲಿ, ನನ್ನ ಕೈ ಮೇಲಲ್ಲ.

ಮೊದಲನೆಯದು ಬಂತು. ಎರಡನೆಯದೂ.
ಮೂರಕ್ಕೆ ಪರದೆಯಲ್ಲೊಂದು ಅಡ್ಡ ಬಡಿತ,
ಇನ್ನೊಂದು,
ಮತ್ತೆ ಸಾಲು ನೆಟ್ಟಗಾಯಿತು.
ತುದಿಗಳನ್ನು ಗಾಜ್ ಬಟ್ಟೆಯ ಮೇಲಿಟ್ಟು ಅವಳು ನೋಡಿದಳು: ಪೂರ್ತಿ ಇವೆ.

ನಾಲ್ಕನೆಯದು ಬರಲಿಲ್ಲ.
ಉಸಿರು ಬಿಡಿ ಅಂದೆ. ಬಿಟ್ಟರು. ಬರಲಿಲ್ಲ.
ಹಿಡಿತ ಸಡಿಲಿಸಿ, ತಾಳಿ, ಮತ್ತೊಮ್ಮೆ.
ತಂತಿಯ ಜೊತೆ ಇನ್ನೇನೋ ಬರತೊಡಗಿತು,
ಅಥವಾ ಹಾಗನ್ನಿಸಿತು. ಕೈ ಬಿಟ್ಟೆ.
"ಕೊಂಬೆಗೆ ಸಿಕ್ಕಿದೆ," ಕಣ್ಣು ಮುಚ್ಚಿಕೊಂಡೇ ದೇರಣ್ಣ,
"ಜಗ್ಗಬೇಡಿ. ಕೊಂಬೆಯೇ ಬಂದೀತು."

ಸರ್ಜನ್ ಬಂದರು. ಒಮ್ಮೆ ಮುಟ್ಟಿ ನೋಡಿದರು, ಒಮ್ಮೆ ಮಾತ್ರ.
ಚರ್ಮವನ್ನು ತುಸು ಒತ್ತಿ ಅದರ ಮಟ್ಟಕ್ಕೇ ಕತ್ತರಿಸಿದರು.
ಉಳಿದದ್ದು ಸರ್ರನೆ ಒಳಗೆ ಹೋಯಿತು,
ಇಲಿ ಬಿಲಕ್ಕೆ ಬಾಲ ಎಳೆದುಕೊಂಡಂತೆ.
"ಇರಲಿ. ಅದರಷ್ಟಕ್ಕೆ ಅದು ಇರುತ್ತೆ."

ಆಮೇಲೆ ಒಂದು ಗಂಟೆ. ಯಾರೂ ಬರೆಯದ ಗಂಟೆ ಅದು,
ಚಾರ್ಟೊಂದನ್ನು ಬಿಟ್ಟು.
ಕಾಲು ಗಂಟೆಗೊಮ್ಮೆ ಬಿ.ಪಿ., ನಾಡಿ,
ಕತ್ತಿನ ನರ ಉಬ್ಬಿತೇ, ಹಣೆ ಬೆವರಿತೇ,
ಮಾತು ತೊದಲಿತೇ. ಮಾತಂತೂ ನಿಲ್ಲಲೇ ಇಲ್ಲ:

"ಭಾಗಮಂಡಲದ ಹಳೇ ದಾರೀಲಿ ನಮ್ಮದೂ ಒಂದುಂಟು, ಸತ್ತ ಲೈನು.
ಮರ ಅದನ್ನು ನುಂಗಿಬಿಟ್ಟಿದೆ,
ಬಿಡಿಸೋಕೆ ಹೋದರೆ ಮರವೇ ಮೈಮೇಲೆ ಬರುತ್ತೆ.
ನಕ್ಷೆಯಲ್ಲಿ ಮಾತ್ರ ಬರೆದಿಟ್ಟಿದ್ದೇವೆ.
ನಾಳೆ ಹೊಸಬ ಬಂದವ ಗಾಬರಿ ಬೀಳಬಾರದಲ್ಲ.
ಅದರ ಮೇಲೆ ಕಾಜಾಣ ಕೂರ್ತದೆ, ನೋಡಬೇಕು ನೀವು."

ಬಿಡುಗಡೆಯ ಕಾಗದದಲ್ಲಿ ಕೆಂಪು ಪೆನ್ನಿನಲ್ಲಿ ಬರೆದೆ:
ಎಡಗಡೆಯ ಒಂದು ತಂತಿ ಒಳಗೇ ಉಳಿದಿದೆ.
ಸ್ಕ್ಯಾನಿಗೆ ಹೋದಲ್ಲೆಲ್ಲ ಮೊದಲು ಇದನ್ನು ಹೇಳಿ.
ರಂಸೀನ ಓದಿ, "ಒಳಗೇ" ಎಂಬುದರ ಕೆಳಗೆ ಗೆರೆ ಎಳೆದಳು.

ಹನ್ನೊಂದೂಕಾಲು. ನೂರಿಪ್ಪತ್ತಕ್ಕೆ ಎಂಬತ್ತು.
"ಕೆಲಸ ಮುಗೀತಲ್ಲ, ಎಲ್.ಸಿ. ವಾಪಸ್ ಕೊಡಿ ಮತ್ತೆ."
ಇನ್ನೂ ಹದಿನೈದು ನಿಮಿಷ ಉಂಟು,
ಏಳಬೇಡಿ, ಅಂದೆ.